30 ದಿನದೊಳಗೆ, ಲಿಖಿತವಾಗಿ

2012ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ಹೊಸ ಬಳಕೆ ಷರತ್ತುಗಳನ್ನು ಪ್ರಕಟಿಸಿದಾಗ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಬಳಕೆದಾರರ ಫೋಟೊಗಳನ್ನು ಜಾಹೀರಾತಿಗೆ ಒದಗಿಸುವಂತೆ ಕಾಣುತ್ತಿದ್ದ ಮಾತು ಎಲ್ಲರನ್ನೂ ಕೆರಳಿಸಿತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ವ್ಯಾಜ್ಯಗಳನ್ನು ಕೋರ್ಟಿನ ಬದಲು ಮಧ್ಯಸ್ಥಗಾರನೇ ತೀರ್ಮಾನಿಸಬೇಕೆಂಬ ಮಧ್ಯಸ್ಥಿಕೆಯ ಷರತ್ತು ಮಾತ್ರ ಹಾಗೇ ಉಳಿದು, 2013ರ ಜನವರಿ 19ರಂದು ಜಾರಿಗೆ ಬಂತು. ಅದರ ಮುಖ್ಯ ಸಾಲುಗಳ ತಾತ್ಪರ್ಯ ಕೊಟ್ಟು, ಒಂದೊಂದನ್ನೇ ಬಿಡಿಸುತ್ತೇನೆ.

ಸಾಲು: ನಿಮಗೂ ನಮಗೂ ನಡುವಿನ ವ್ಯಾಜ್ಯಗಳೆಲ್ಲ ಮಧ್ಯಸ್ಥಿಕೆಯಲ್ಲೇ ತೀರ್ಮಾನವಾಗಬೇಕು, ಜ್ಯೂರಿ ವಿಚಾರಣೆಯ ಹಕ್ಕನ್ನು ಇಬ್ಬರೂ ಬಿಟ್ಟುಕೊಟ್ಟಿದ್ದೇವೆ.

‘ಇಬ್ಬರೂ’ ಎಂದಾಗ ಸಮಾನತೆ ಇರುವಂತೆ ತೋರುತ್ತದೆ. ಆದರೆ ಫೋಟೊ ಹಾಕುವವನ ಮೇಲೆ ಕಂಪನಿ ಕೇಸು ಹಾಕುವ ಸಂದರ್ಭ ಎಷ್ಟು ಬಂದೀತು? ಕಳೆದುಕೊಳ್ಳುವವನು ಒಬ್ಬನೇ. ಮಧ್ಯಸ್ಥಗಾರನ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶ ಬಲು ಕಡಿಮೆ. 1925ರ ಫೆಡರಲ್ ಮಧ್ಯಸ್ಥಿಕೆ ಕಾಯ್ದೆ ಇಂಥ ಒಪ್ಪಂದಗಳ ಬೆನ್ನಿಗಿದೆ.

ಸಾಲು: ಬೌದ್ಧಿಕ ಆಸ್ತಿಯ ವ್ಯಾಜ್ಯಗಳು ಇದಕ್ಕೆ ಹೊರತು.

ಟ್ರೇಡ್‌ಮಾರ್ಕು, ಪೇಟೆಂಟು, ಕಾಪಿರೈಟು: ಕಂಪನಿಯ ಜೀವ ಇರುವುದೇ ಇವುಗಳಲ್ಲಿ. ಅವಕ್ಕೆ ಕೋರ್ಟೇ ಬೇಕು. ಬಳಕೆದಾರನ ಖಾಸಗಿತನದ ದೂರಿಗೆ ಮಾತ್ರ ಮಧ್ಯಸ್ಥಿಕೆ ಸಾಕು.

ಸಾಲು: ನಿಮ್ಮ ಹಕ್ಕೊತ್ತಾಯವನ್ನು ನೀವೊಬ್ಬರೇ ತರಬಹುದು, ಸಾಮೂಹಿಕ ದಾವೆಯಲ್ಲಿ ಸೇರುವಂತಿಲ್ಲ.

ಷರತ್ತಿನ ತಿರುಳೇ ಇದು. ಎಟಿ ಅಂಡ್ ಟಿ ಮೊಬಿಲಿಟಿ ವಿರುದ್ಧ ಕಾನ್ಸೆಪ್ಸಿಯನ್ ಪ್ರಕರಣದಲ್ಲಿ ಜಗಳ ಶುರುವಾದದ್ದು ‘ಉಚಿತ’ ಫೋನಿನ ಮೇಲೆ ಹಾಕಿದ 30.22 ಡಾಲರ್ ಮಾರಾಟ ತೆರಿಗೆಗೆ. ಇಷ್ಟು ದುಡ್ಡಿಗೆ ಒಬ್ಬನೇ ವಕೀಲನನ್ನು ಇಟ್ಟುಕೊಂಡು ಹೋರಾಡುವವರು ಯಾರೂ ಇಲ್ಲ. ಸಾವಿರಾರು ಜನ ಸೇರಿದರೆ ಮಾತು ಬೇರೆ. ಇಂಥ ಸಾಮೂಹಿಕ ದಾವೆಯ ನಿಷೇಧವನ್ನು ಕ್ಯಾಲಿಫೋರ್ನಿಯಾದ ಕೋರ್ಟುಗಳು ಅನ್ಯಾಯವೆಂದು ತಳ್ಳಿಹಾಕುತ್ತಿದ್ದವು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರಲ್ಲಿ, ಫೆಡರಲ್ ಕಾಯ್ದೆಯ ಮುಂದೆ ಕ್ಯಾಲಿಫೋರ್ನಿಯಾದ ಆ ನಿಯಮ ನಿಲ್ಲದು ಎಂದಿತು. ಆ ತೀರ್ಪು ಬಂದು ಎರಡು ವರ್ಷ ತುಂಬುವುದರೊಳಗೆ ಇನ್‌ಸ್ಟಾಗ್ರಾಂನ ಈ ಸಾಲು ಬಂದಿದೆ.

ಸಾಲು: ಈ ಒಪ್ಪಂದದಿಂದ ನೀವು ಹೊರಗುಳಿಯಬಹುದು.

ಇಷ್ಟೆಲ್ಲ ಕಿತ್ತುಕೊಂಡ ಮೇಲೆ ಈ ಔದಾರ್ಯ ಏಕೆ? ಉತ್ತರ 2002ರ ಸರ್ಕಿಟ್ ಸಿಟಿ ವಿರುದ್ಧ ಅಹ್ಮದ್ ತೀರ್ಪಿನಲ್ಲಿದೆ. ನೌಕರನಿಗೆ ಹೊರಗುಳಿಯಲು 30 ದಿನ ಕೊಟ್ಟಿದ್ದರಿಂದ, ಒಪ್ಪಂದವನ್ನು ಅವನ ಮೇಲೆ ಹೇರಲಾಗಿದೆ ಎನ್ನಲಾಗದು ಎಂದಿತು ಒಂಬತ್ತನೇ ಸರ್ಕಿಟ್‌ನ ಮೇಲ್ಮನವಿ ಕೋರ್ಟು. ಅಂದರೆ ಈ ಬಾಗಿಲು ಬಳಕೆದಾರನಿಗಿಂತ ಹೆಚ್ಚಾಗಿ ಷರತ್ತನ್ನೇ ಕಾಯುತ್ತದೆ. ನಾಲ್ಕು ಜನ ಹೊರಟುಹೋದರೂ ಚಿಂತೆಯಿಲ್ಲ, ಉಳಿದವರೆಲ್ಲ ಮನಸಾರೆ ಒಪ್ಪಿದವರೆಂದು ಲೆಕ್ಕ. 2016ರಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಹೊರಗುಳಿಯುವ ಪತ್ರವನ್ನು ಖುದ್ದಾಗಿ ಅಥವಾ ತುರ್ತು ಕೊರಿಯರಿನಲ್ಲೇ ತಲುಪಿಸಬೇಕೆಂಬ ನಿಯಮವಿದ್ದರೂ, ಅವಕಾಶ ನಿಜವಾದದ್ದೇ ಎಂದಿತು ಅದೇ ಕೋರ್ಟು.

ಸಾಲು: ನೀವು ಷರತ್ತಿಗೆ ಒಳಪಟ್ಟ 30 ದಿನದೊಳಗೆ, ಮೆನ್ಲೊ ಪಾರ್ಕಿನ ವಿಳಾಸಕ್ಕೆ ಬರೆದು ತಿಳಿಸಬೇಕು.

ಖಾತೆ ತೆರೆಯಲು ಬೆರಳು ಸಾಕು. ಷರತ್ತು ಬೇಡವೆನ್ನಲು ಕಾಗದ, ಲಕೋಟೆ, ಅಂಚೆಚೀಟಿ. ಅರ್ಧ ಗಂಟೆ ಕಾರು ಓಡಿಸಿದರೆ ಮೆನ್ಲೊ ಪಾರ್ಕು ಮುಟ್ಟುವ ಸನಿವೇಲಿನ ಕನ್ನಡಿಗನೂ ಅಂಚೆ ಡಬ್ಬಿಯನ್ನೇ ಹುಡುಕಬೇಕಿತ್ತು. ಎಲ್ಲರೂ ಹೀಗೆ ಸತಾಯಿಸುವುದಿಲ್ಲ: ಡಿಸ್ಕಾರ್ಡ್ ಇದೇ ಕೆಲಸಕ್ಕೆಂದು ಇಮೇಲ್ ವಿಳಾಸವನ್ನೇ ಕೊಟ್ಟಿತ್ತು.

(ಭಾರತದ ಗ್ರಾಹಕನ ಪಾಡು ಇಷ್ಟು ಬಿಗಿಯಾಗಿಲ್ಲ. ಮಧ್ಯಸ್ಥಿಕೆಯ ಷರತ್ತಿದ್ದರೂ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಎಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.)

ಸಾಲು: ಹೆಸರು, ಮನೆ ವಿಳಾಸ, ಖಾತೆಯ ಇಮೇಲ್, ಹೊರಗುಳಿಯುತ್ತೇನೆಂಬ ಸ್ಪಷ್ಟ ಮಾತು ಇರಬೇಕು.

ಕಾರಣ ಕೊಡಬೇಕಿಲ್ಲ. ಖಾತೆ ಬಿಡಬೇಕೆಂದೂ ಇಲ್ಲಿ ಹೇಳಿಲ್ಲ. ಷರತ್ತುಗಳ ಉಳಿದ ಭಾಗ ಮೊದಲಿನಂತೆ ಅನ್ವಯಿಸುತ್ತದೆ. ಆದರೆ ಕಾಗದ ತಲುಪಲಿಲ್ಲ ಎಂಬ ತಕರಾರು ಎಂದಾದರೂ ಎದ್ದರೆ ಸಾಬೀತು ಮಾಡುವ ಪಾಡು ಕಳಿಸಿದವನದೇ. ಅದಕ್ಕೇ ರಿಜಿಸ್ಟರ್ ಮಾಡಿ ಕಳಿಸಿ, ಪತ್ರದ ನಕಲನ್ನೂ ಅಂಚೆ ರಸೀದಿಯನ್ನೂ ಒಟ್ಟಿಗೆ ಪಿನ್ನು ಹಾಕಿಡುವುದು ಲೇಸು.