ಮುಗಿದರೆ ನಷ್ಟ: ಸ್ವಪ್ರಕಟಿತ ಕಾದಂಬರಿ ಮತ್ತು ಜಾಹೀರಾತಿನ ಲೆಕ್ಕ

ಕಾದಂಬರಿಯೊಂದು ಎಷ್ಟು ಉದ್ದವಿರಬೇಕು, ಎಲ್ಲಿ ಮುಗಿಯಬೇಕು ಎನ್ನುವುದನ್ನು ಕಥೆಯೇ ತೀರ್ಮಾನಿಸುತ್ತದೆ ಎಂದು ನಾವು ತರಗತಿಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ಸಾಹಿತ್ಯ ಚರಿತ್ರೆ ಅಷ್ಟು ಸರಳವಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಹಳಷ್ಟು ಕಾದಂಬರಿಗಳು ಮೂರು ಸಂಪುಟಗಳಲ್ಲೇ ಬರುತ್ತಿದ್ದವು. ಅದಕ್ಕೆ ಮುಖ್ಯ ಕಾರಣ ಕಲೆಯಲ್ಲ, ಚಾರ್ಲ್ಸ್ ಮ್ಯೂಡಿ ಎಂಬಾತನ ಚಂದಾ ಗ್ರಂಥಾಲಯ. ಮೂರು ಸಂಪುಟಗಳ ಒಂದು ಕಾದಂಬರಿಯ ಬೆಲೆ 31 ಶಿಲಿಂಗ್ 6 ಪೆನ್ಸ್. ಸಾಮಾನ್ಯ ಓದುಗ ಅಷ್ಟು ಕೊಟ್ಟು ಕೊಳ್ಳುವಂತಿರಲಿಲ್ಲ, ಚಂದಾ ಕಟ್ಟಿ ಎರವಲು ತರುತ್ತಿದ್ದ. ಕಾದಂಬರಿ ಮೂರು ಭಾಗವಾಗಿದ್ದರೆ ಒಂದೇ ಪ್ರತಿಯನ್ನು ಏಕಕಾಲಕ್ಕೆ ಮೂವರಿಗೆ ಕೊಡಬಹುದಿತ್ತು. ಹಾಗಾಗಿ ಲೇಖಕರು ಮಾತುಕತೆ ಹಿಗ್ಗಿಸಿ, ಉಪಕಥೆ ಸೇರಿಸಿ ಮೂರನೆಯ ಸಂಪುಟವನ್ನು ಹೇಗೋ ತುಂಬಿಸುತ್ತಿದ್ದರು. ಈ ಒತ್ತಡದಲ್ಲಿ ಸವೆದುಹೋಗುವ ಬರಹಗಾರರ ಕಥೆಯೇ ಜಾರ್ಜ್ ಗಿಸ್ಸಿಂಗ್‌ನ ‘ನ್ಯೂ ಗ್ರಬ್ ಸ್ಟ್ರೀಟ್’ (1891). 1894ರಲ್ಲಿ ಮ್ಯೂಡಿಯ ಸಂಸ್ಥೆಯೂ ಡಬ್ಲ್ಯು.ಎಚ್. ಸ್ಮಿತ್ ಸಂಸ್ಥೆಯೂ ಪ್ರಕಾಶಕರಿಗೆ ಹೊಸ ಷರತ್ತು ಹಾಕಿದವು. ಕೆಲವೇ ವರ್ಷಗಳಲ್ಲಿ ಆ ಮೂರು ಸಂಪುಟದ ರೂಪವೇ ಮರೆಯಾಯಿತು.

ಇಂದು ಮ್ಯೂಡಿಯ ಜಾಗದಲ್ಲಿ ಅಮೆಜಾನ್ ಇದೆ. ಅಮೆರಿಕದ ವಿಮರ್ಶಕ ಮಾರ್ಕ್ ಮೆಕ್‌ಗರ್ಲ್ 2021ರಲ್ಲಿ ಬಂದ ತಮ್ಮ ‘ಎವರಿಥಿಂಗ್ ಅಂಡ್ ಲೆಸ್’ ಪುಸ್ತಕದಲ್ಲಿ ಈ ಕಾಲದ ಕಾದಂಬರಿಯನ್ನು ಅಮೆಜಾನಿನ ವ್ಯವಸ್ಥೆಯೊಳಗೆ ಇಟ್ಟೇ ಓದಬೇಕು ಎಂದು ವಾದಿಸಿದರು. ಲೇಖಕ ಸೇವೆ ಒದಗಿಸುವವನಾಗಿ, ಓದುಗ ಗ್ರಾಹಕನಾಗಿ ಬದಲಾಗಿರುವುದನ್ನು ಅವರು ತೋರಿಸುತ್ತಾರೆ. ಇಲ್ಲಿ ನಾನು ಆ ದೊಡ್ಡ ವ್ಯವಸ್ಥೆಯ ಒಂದು ಚಿಕ್ಕ ಭಾಗವನ್ನಷ್ಟೇ ಎತ್ತಿಕೊಳ್ಳುತ್ತೇನೆ: ತನ್ನ ಕಾದಂಬರಿಯನ್ನು ತಾನೇ ಪ್ರಕಟಿಸುವ ಲೇಖಕಿ ಅದಕ್ಕಾಗಿ ಕೊಳ್ಳುವ ಆನ್‌ಲೈನ್ ಜಾಹೀರಾತು. ಜಾಹೀರಾತು ಎಂದರೆ ಪುಸ್ತಕ ಬರೆದು ಮುಗಿಸಿದ ಮೇಲಿನ ವ್ಯಾಪಾರ, ವಿಮರ್ಶೆಗೆ ಅದರಲ್ಲಿ ಕೆಲಸವಿಲ್ಲ ಎಂದು ನಾವು ಬದಿಗಿಡುತ್ತೇವೆ. ಆದರೆ ಈ ಜಾಹೀರಾತಿನ ಲೆಕ್ಕ ಮೊದಲ ವಾಕ್ಯಕ್ಕೂ ಮುಂಚೆಯೇ ಕಾದಂಬರಿಯೊಳಗೆ ಬಂದು ಕೂತಿರುತ್ತದೆ. ಅದು ಎಲ್ಲಕ್ಕಿಂತ ಹೆಚ್ಚಾಗಿ ಬದಲಿಸಿರುವುದು ಕಾದಂಬರಿಯ ಕೊನೆಯನ್ನು.

ಲೆಕ್ಕ ಹೀಗಿದೆ. 2007ರಲ್ಲಿ ಕಿಂಡಲ್ ಬಂದಾಗಲೇ ಲೇಖಕರು ಪ್ರಕಾಶಕರಿಲ್ಲದೆ ಇ-ಪುಸ್ತಕ ಮಾರುವ ದಾರಿಯೂ ತೆರೆಯಿತು. 2010ರಿಂದ, 2.99 ಡಾಲರಿನಿಂದ 9.99 ಡಾಲರಿನವರೆಗಿನ ಪುಸ್ತಕಗಳಿಗೆ ಶೇ. 70 ರಾಯಲ್ಟಿ ಸಿಗತೊಡಗಿತು. ಪುಸ್ತಕಗಳು ಲಕ್ಷಗಟ್ಟಲೆ ಆದಾಗ ಕಣ್ಣಿಗೆ ಬೀಳುವುದೇ ಕಷ್ಟವಾಯಿತು. 2015ರಲ್ಲಿ ಅಮೆಜಾನ್ ಸ್ವಪ್ರಕಟಿತ ಲೇಖಕರಿಗೂ ತನ್ನ ಪುಟಗಳಲ್ಲಿ ಜಾಹೀರಾತಿನ ಜಾಗ ಮಾರಲು ಶುರುಮಾಡಿತು. ಇದು ಪತ್ರಿಕೆಯಲ್ಲಿ ಕಾಲಂ ಕೊಂಡಂತಲ್ಲ. ಓದುಗ ಏನಾದರೂ ಹುಡುಕಿದಾಗ, ಅಥವಾ ಬೇರೊಂದು ಪುಸ್ತಕದ ಪುಟ ತೆರೆದಾಗ, ಆ ಜಾಗಕ್ಕೆ ಕ್ಷಣಾರ್ಧದಲ್ಲಿ ಹರಾಜು ನಡೆಯುತ್ತದೆ. ಹರಾಜಿನಲ್ಲಿ ಗೆದ್ದವಳ ಮುಖಪುಟ ಕಾಣಿಸುತ್ತದೆ. ಓದುಗ ಅದನ್ನು ಒತ್ತಿದರೆ ಮಾತ್ರ ದುಡ್ಡು ಹೋಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಂದು ಕ್ಲಿಕ್ಕಿಗೆ 40 ಸೆಂಟ್; ಹತ್ತು ಮಂದಿ ಒತ್ತಿದರೆ ಒಬ್ಬರು ಕೊಳ್ಳುತ್ತಾರೆ ಎನ್ನೋಣ. ಒಂದು ಪ್ರತಿ ಮಾರಲು 4 ಡಾಲರ್ ಖರ್ಚು. ಪುಸ್ತಕದ ಬೆಲೆ 4.99 ಡಾಲರ್ ಆದರೆ ಲೇಖಕಿಯ ಕೈಗೆ ಬರುವುದು ಸುಮಾರು 3.40. ಪ್ರತಿ ಮಾರಾಟಕ್ಕೂ 60 ಸೆಂಟ್ ನಷ್ಟ. ನೂರು ಓದುಗರನ್ನು ಗಳಿಸಿದರೆ 60 ಡಾಲರ್ ಕಳೆದುಕೊಂಡಂತೆ. ಅದೇ ಪುಸ್ತಕ ಐದು ಭಾಗಗಳ ಸರಣಿಯ ಮೊದಲನೆಯದು ಎಂದುಕೊಳ್ಳಿ. ನೂರರಲ್ಲಿ 50 ಮಂದಿ ಎರಡನೆಯದನ್ನು, 40 ಮಂದಿ ಮೂರನೆಯದನ್ನು, 35 ಮಂದಿ ನಾಲ್ಕನೆಯದನ್ನು, 32 ಮಂದಿ ಐದನೆಯದನ್ನು ಕೊಂಡರೆ ಒಟ್ಟು 257 ಪ್ರತಿ. ಖರ್ಚಾದ 400 ಡಾಲರಿಗೆ ಸುಮಾರು 870 ಡಾಲರ್ ಬಂತು. ಮುಂದಿನ ನಾಲ್ಕು ಪುಸ್ತಕಗಳಿಗೆ ಜಾಹೀರಾತು ಬೇಕಾಗಲೇ ಇಲ್ಲ. ಮೊದಲ ಪುಸ್ತಕದ ಕೊನೆಯ ಪುಟವೇ ಎರಡನೆಯದಕ್ಕೆ ಜಾಹೀರಾತು.

ಈ ಅಂಕಿಗಳು ಪ್ರತಿ ಲೇಖಕಿಗೂ ಬೇರೆಯಾಗುತ್ತವೆ. ಆದರೆ ಲೆಕ್ಕದ ಸ್ವಭಾವ ಬದಲಾಗುವುದಿಲ್ಲ. ಒಂದು ಕಾದಂಬರಿಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದವಳು ಹರಾಜಿನಲ್ಲಿ ಸೋಲುತ್ತಾಳೆ. ಅದೇ ಓದುಗನಿಗಾಗಿ ಅವಳ ಪಕ್ಕದಲ್ಲಿ ಕೂಗುತ್ತಿರುವ ಸರಣಿಕಾರ್ತಿ ಹೆಚ್ಚು ದುಡ್ಡು ಕೂಗಬಲ್ಲಳು. ಅವಳಿಗೆ ಒಬ್ಬ ಓದುಗ ಎಂದರೆ ಐದು ಪುಸ್ತಕ. ಸ್ವಪ್ರಕಟಣೆಯ ಕೈಪಿಡಿಗಳು ಮೂರಾದರೂ ಪುಸ್ತಕ ಬರುವ ತನಕ ಜಾಹೀರಾತಿಗೆ ದುಡ್ಡು ಸುರಿಯಬೇಡಿ ಎಂದು ಬುದ್ಧಿ ಹೇಳುವುದು ಇದಕ್ಕಾಗಿಯೇ. ಮೊದಲ ಪುಸ್ತಕವನ್ನು 99 ಸೆಂಟಿಗೆ ಅಥವಾ ಪುಕ್ಕಟೆ ಕೊಡುವುದೂ ಇದೇ ಲೆಕ್ಕದ ಇನ್ನೊಂದು ಹೆಜ್ಜೆ. ವ್ಯಾಪಾರದ ದೃಷ್ಟಿಯಿಂದ ಇದು ಸರಿಯಾದ ಸಲಹೆಯೇ. ಸಾಹಿತ್ಯದ ದೃಷ್ಟಿಯಿಂದ ಇದರ ಅರ್ಥ ಬೇರೆ: ಪಾತ್ರ ಸಾಯಬಾರದು, ಪ್ರಶ್ನೆ ತೀರಬಾರದು, ಕೊನೆಯ ಅಧ್ಯಾಯ ಕೊನೆಯಾಗಬಾರದು.

ಹಣ ಕೊಡುವ ನಿಯಮ ಬದಲಾದರೆ ಬರವಣಿಗೆಯ ಆಕಾರವೂ ಬದಲಾಗುತ್ತದೆ ಎನ್ನುವುದಕ್ಕೆ ಕಿಂಡಲ್ ಅನ್‌ಲಿಮಿಟೆಡ್ ಕಣ್ಣೆದುರಿನ ಸಾಕ್ಷಿ. ತಿಂಗಳ ಚಂದಾ ಕಟ್ಟಿ ಬೇಕಾದಷ್ಟು ಓದುವ ಈ ಯೋಜನೆ 2014ರಲ್ಲಿ ಶುರುವಾಯಿತು. ಮೊದಲ ವರ್ಷ ಓದುಗ ಪುಸ್ತಕದ ಶೇ. 10 ಭಾಗ ದಾಟಿದರೆ ಲೇಖಕರಿಗೆ ಹಣ ಸಿಗುತ್ತಿತ್ತು. ಆಗ ಕಥೆಗಳು ಚಿಕ್ಕದಾದವು, ಒಂದೇ ಕಥೆ ತುಂಡುತುಂಡಾಗಿ ಹಲವು ಪುಸ್ತಕವಾಯಿತು. 2015ರ ಜುಲೈಯಿಂದ ಓದಿದ ಪುಟಗಳ ಲೆಕ್ಕದಲ್ಲಿ ಹಣ ಎಂದಾಯಿತು. ಒಂದು ಪುಟಕ್ಕೆ ಸಾಮಾನ್ಯವಾಗಿ ಅರ್ಧ ಸೆಂಟಿಗೂ ಕಡಿಮೆ. ಆಗ ಪುಸ್ತಕಗಳು ದಪ್ಪವಾಗತೊಡಗಿದವು. ಹಳೆಯ ಕಥೆಗಳನ್ನು ಹಿಂದೆ ತುರುಕಿ ಪುಟ ಹೆಚ್ಚಿಸುವವರೂ ಹುಟ್ಟಿಕೊಂಡರು, ಅಮೆಜಾನ್ ಅದಕ್ಕೆ ಮಿತಿ ಹಾಕಬೇಕಾಯಿತು. ಮ್ಯೂಡಿಯ ಮೂರನೆಯ ಸಂಪುಟ ಮತ್ತೆ ಬಂತು, ಬೈಂಡಿನ ಬದಲು ತೆರೆಯ ಮೇಲೆ.

ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದ ಕನ್ನಡಿಗರು ಇಲ್ಲಿ ಒಂದು ಮಾತು ಕೇಳಬಹುದು. ‘ಸುಧಾ’, ‘ತರಂಗ’, ‘ಪ್ರಜಾಮತ’ಗಳಲ್ಲೂ ಕಂತಿನ ಕೊನೆಗೆ ಕುತೂಹಲ ಇಟ್ಟೇ ನಿಲ್ಲಿಸುತ್ತಿದ್ದರಲ್ಲ? ಹೌದು. ಆದರೆ ಧಾರಾವಾಹಿಗೆ ಕೊನೆಯ ಕಂತು ಎಂಬುದೊಂದಿತ್ತು. ಮುಂದಿನ ವಾರದಿಂದ ಇನ್ನೊಬ್ಬರ ಕಾದಂಬರಿ ಶುರುವಾಗಬೇಕಿತ್ತು. ಓದುಗರು ಪತ್ರಿಕೆಗೆ ಅಂಟಿಕೊಂಡಿದ್ದರು, ಒಂದೇ ಕಥೆಗಲ್ಲ. ಈಗಿನ ಸರಣಿಗೆ ಹಾಗೆ ಹೊರಗಿನಿಂದ ನಿಲ್ಲಿಸುವವರಿಲ್ಲ. ಓದುಗರು ಉದುರಿಹೋಗುವ ತನಕ ಅದು ನಡೆಯುತ್ತದೆ.

ಜಾಹೀರಾತು ಕಾದಂಬರಿಯೊಳಗೆ ಬರುವ ಎರಡನೆಯ ಬಾಗಿಲು ಹೋಲಿಕೆ. ಅಮೆಜಾನಿನಲ್ಲಿ ಲೇಖಕಿ ತನ್ನ ಪುಸ್ತಕ ಯಾವ ಯಾವ ಪುಸ್ತಕಗಳ ಪುಟದಲ್ಲಿ ಕಾಣಬೇಕು ಎಂದು ಪಟ್ಟಿ ಕೊಡಬಹುದು. ಫೇಸ್‌ಬುಕ್ಕಿನಲ್ಲಿ ಇಂಥ ಲೇಖಕರನ್ನು ಮೆಚ್ಚುವವರಿಗೆ ತೋರಿಸು ಎನ್ನಬಹುದು, ಅಥವಾ ತನ್ನ ಈಗಿನ ಓದುಗರನ್ನೇ ಹೋಲುವ ಇನ್ನಷ್ಟು ಮಂದಿಯನ್ನು ಹುಡುಕಿಕೊಡು ಎನ್ನಬಹುದು. ಯಾವ ಪದ ಹುಡುಕಿದವರಿಗೆ ತೋರಿಸಲೇಬಾರದು ಎಂಬ ಪಟ್ಟಿಯೂ ಉಂಟು. ಈ ಪಟ್ಟಿಗಳನ್ನು ನಾನು ವಿಮರ್ಶೆಯ ದಾಖಲೆಗಳೆಂದೇ ಓದುತ್ತೇನೆ. ನನ್ನ ಕೃತಿಯ ನೆಂಟರು ಯಾರು, ಯಾವ ಪರಂಪರೆಗೆ ಸೇರಿದ್ದು, ಯಾವುದಕ್ಕೆ ಸೇರಿದ್ದಲ್ಲ ಎಂಬ ಪ್ರಶ್ನೆಗಳು ತೌಲನಿಕ ವಿಮರ್ಶೆಯ ಮೂಲ ಪ್ರಶ್ನೆಗಳು. ಅನೇಕ ಲೇಖಕರು ಅವನ್ನು ಗಂಭೀರವಾಗಿ ಎದುರಿಸುವುದೇ ಈ ಪಟ್ಟಿ ತುಂಬುವಾಗ.

ಆದರೆ ಹರಾಜಿಗೆ ಬೇಕಾದದ್ದು ಹೋಲಿಕೆಯ ಅರ್ಧ ಭಾಗ ಮಾತ್ರ. ವಿಮರ್ಶಕ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಇನ್ನೊಂದರಿಂದ ಎಲ್ಲಿ ಬೇರೆಯಾಯಿತು ಎಂದು ನೋಡುತ್ತಾನೆ. ಜಾಹೀರಾತಿಗೆ ಆ ವ್ಯತ್ಯಾಸ ಎಂದರೆ ಒತ್ತಿಯೂ ಕೊಳ್ಳದೆ ಹೋದ ಓದುಗ, ಅಂದರೆ ವ್ಯರ್ಥವಾದ 40 ಸೆಂಟ್. ಮುಖಪುಟದ ಬಣ್ಣ, ಅಕ್ಷರ, ಬೆನ್ನುಡಿಯ ಮೊದಲ ಸಾಲು ಎಲ್ಲವೂ ಆ ಪ್ರಕಾರದ ಉಳಿದ ಪುಸ್ತಕಗಳಂತೆಯೇ ಇರಬೇಕಾಗುತ್ತದೆ. ಓದುಗನಿಗೆ ಈಗಾಗಲೇ ಇಷ್ಟವಾದದ್ದನ್ನು ಮತ್ತೆ ಕೊಡುವುದರಲ್ಲಿ ಈ ಯಂತ್ರ ನಿಪುಣ. ಅವನಿಗೆ ಇಷ್ಟವಾಗಬಹುದೆಂದು ಅವನಿಗೇ ಗೊತ್ತಿಲ್ಲದ್ದನ್ನು ಹುಡುಕುವ ಪದ ಯಾವುದು?

ಈ ವ್ಯವಸ್ಥೆಯನ್ನು ಸಾರಾಸಗಟಾಗಿ ಬಯ್ಯುವುದು ಸುಲಭ, ಅನ್ಯಾಯವೂ ಹೌದು. ಪ್ರಕಾಶಕರ ಬಾಗಿಲಲ್ಲಿ ಕಾಯಬೇಕಿಲ್ಲದ ಬರಹಗಾರರು ಇದರಿಂದಲೇ ಹುಟ್ಟಿದರು. ಹ್ಯೂ ಹೌವಿ 2011ರಲ್ಲಿ ‘ವೂಲ್’ ಅನ್ನು ಒಂದು ಪುಟ್ಟ ಕಥೆಯಾಗಿ ತಾನೇ ಪ್ರಕಟಿಸಿದ. ಓದುಗರು ಕೇಳಿದರೆಂದು ಮುಂದುವರಿಸಿದ. ಆಂಡಿ ವೀರ್ ತನ್ನ ಜಾಲತಾಣದಲ್ಲಿ ಕಂತುಕಂತಾಗಿ ಬರೆದ ‘ದಿ ಮಾರ್ಷಿಯನ್’ ಅನ್ನು ಕಿಂಡಲ್‌ನಲ್ಲಿ 99 ಸೆಂಟಿಗೆ ಇಟ್ಟ. ಅದು ಸರಣಿಯಲ್ಲ, ಕೊನೆ ಇರುವ ಕಾದಂಬರಿ. ಗಮನಿಸಬೇಕಾದದ್ದು ಎಂದರೆ, ಇವೆರಡೂ ಅಮೆಜಾನ್ ಇಂಥ ಲೇಖಕರಿಗೆ ಹರಾಜಿನ ಜಾಗ ತೆರೆಯುವ ಮುಂಚಿನವು. ಬಾಗಿಲು ತೆರೆದದ್ದು ಒಂದು ಘಟನೆ, ಆ ಬಾಗಿಲಲ್ಲಿ ಸುಂಕ ಕೂತದ್ದು ಇನ್ನೊಂದು. ಎರಡನ್ನೂ ಒಂದೇ ಎಂದು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು.

ಕನ್ನಡಕ್ಕೆ ಇದರಲ್ಲಿ ಏನು? 2016ರ ಕೊನೆಯಲ್ಲಿ ಅಮೆಜಾನ್ ಐದು ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಈ ಹರಾಜಿನ ಪೂರ್ಣ ಬಿಸಿ ನಮಗೆ ತಟ್ಟಿಲ್ಲ. ಆದರೆ ಸ್ವಪ್ರಕಟಣೆ ನಮಗೆ ಹೊಸದೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದು ನಮ್ಮ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಅದೂ ಒಂದು ಜಾಹೀರಾತೇ, ದುಬಾರಿಯಾದದ್ದು. ಬೆಲೆ ಅವರ ಕಾಲಿನದು. ಆದರೆ ಅವರು ಹುಡುಕಿಕೊಂಡು ಹೋದದ್ದು ಕಾದಂಬರಿ ಮೆಚ್ಚುವವರನ್ನಲ್ಲ, ಇನ್ನೂ ಕಾದಂಬರಿಯನ್ನೇ ಓದದವರನ್ನು. ಈ ಎರಡು ಬಗೆಯ ಹುಡುಕಾಟಗಳ ನಡುವಿನ ದೂರವೇ ನನ್ನ ವಾದದ ತಿರುಳು.

ಕಾರಂತರನ್ನೂ ನೆನೆಯಬಹುದು. ಪುತ್ತೂರಿನ ಹರ್ಷ ಪ್ರಕಟಣಾಲಯದಿಂದ ತಮ್ಮ ಪುಸ್ತಕಗಳನ್ನು ತಾವೇ ಹೊರತಂದವರು ಅವರು. ‘ಚೋಮನ ದುಡಿ’, ‘ಬೆಟ್ಟದ ಜೀವ’, ‘ಅಳಿದ ಮೇಲೆ’, ‘ಮೂಕಜ್ಜಿಯ ಕನಸುಗಳು’: ಒಂದರ ಪಾತ್ರ ಇನ್ನೊಂದಕ್ಕೆ ಬರುವುದಿಲ್ಲ, ಒಂದರ ಕುತೂಹಲ ಇನ್ನೊಂದನ್ನು ಕೊಳ್ಳಿಸುವುದಿಲ್ಲ. ಮೇಲಿನ ಲೆಕ್ಕದಲ್ಲಿ ಪ್ರತಿಯೊಂದೂ ಪ್ರತ್ಯೇಕ ನಷ್ಟ. ಚೋಮನ ಕಥೆಯ ಎರಡನೆಯ ಭಾಗವನ್ನು ಊಹಿಸಿ ನೋಡಿ, ಆಗ ಕೊನೆ ಎಂಬುದು ಕಾದಂಬರಿಯಲ್ಲಿ ಏನು ಕೆಲಸ ಮಾಡುತ್ತದೆ ಎಂದು ತಿಳಿಯುತ್ತದೆ. ಅವನ ಸಾವಿನ ನಂತರ ಉಳಿಯುವ ಮೌನವನ್ನು ಮುಂದಿನ ಪುಸ್ತಕದ ಕೊಂಡಿಯಿಂದ ತುಂಬಲಾಗದು.

ಕನ್ನಡದ ಹೊಸ ಲೇಖಕರು ಇಂದು ಪುಸ್ತಕ ಅಚ್ಚುಹಾಕಿಸಿ ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ತಾವೇ ಮಾರುತ್ತಿದ್ದಾರೆ. ಇನ್ನಷ್ಟು ಜನಕ್ಕೆ ಮುಟ್ಟಿಸಲು ದುಡ್ಡು ಕೊಟ್ಟರೆ ಅದರಲ್ಲಿ ಅವಮಾನವೇನೂ ಇಲ್ಲ. ಅವರಿಗೆ ಬೇಕಾದದ್ದು ಉಪದೇಶವಲ್ಲ, ಲೆಕ್ಕದ ಅರಿವು. ಯಾವ ತೀರ್ಮಾನ ಕಥೆಯದು, ಯಾವುದು ಕ್ಲಿಕ್ಕಿನದು ಎಂದು ಬಿಡಿಸಿ ನೋಡುವ ಶಕ್ತಿ ಇದ್ದರೆ, ನಷ್ಟವಾದರೂ ಮುಗಿಸಬೇಕಾದ ಕಡೆ ಮುಗಿಸುವ ಧೈರ್ಯ ಬಂದೀತು. ವಿಮರ್ಶೆಗೂ ಇದೇ ಕೆಲಸ. ಮುಂದೆ ಯಾವುದಾದರೂ ಸರಣಿಯ ಮೊದಲ ಪುಸ್ತಕ ಓದುವಾಗ ಅದು ಎಲ್ಲಿ ನಿಂತಿತು ಎಂಬುದರ ಜೊತೆಗೆ, ಎಲ್ಲಿ ನಿಲ್ಲಬಹುದಿತ್ತು ಎಂದೂ ಗುರುತು ಹಾಕಿಕೊಳ್ಳಿ. ಆ ಎರಡು ಪುಟಗಳ ನಡುವೆ ಬರೆದಿರುವುದೆಲ್ಲ ಜಾಹೀರಾತು.