ವಿವರಣೆ ಬೇಡದ ಇಪ್ಪತ್ತು ನಿಮಿಷ

ಸಿಡಿಯುವ ಬಾಂಬು, ವೈರಿಯನ್ನು ಬೈಯುವ ಭಾಷಣ. ಯುದ್ಧಕಾಲದ ಪ್ರಚಾರಚಿತ್ರವೆಂದರೆ ಇಷ್ಟೇ ಎಂದುಕೊಂಡವರಿಗೆ 1942ರ ‘ಲಿಸನ್ ಟು ಬ್ರಿಟನ್’ ಸೋಜಿಗ ಹುಟ್ಟಿಸುತ್ತದೆ. ಹಂಫ್ರಿ ಜೆನ್ನಿಂಗ್ಸ್ ಮತ್ತು ಸ್ಟುವರ್ಟ್ ಮ್ಯಾಕ್‌ಆಲಿಸ್ಟರ್ ಸರ್ಕಾರದ ಕ್ರೌನ್ ಫಿಲ್ಮ್ ಯೂನಿಟ್‌ಗೆ ಮಾಡಿಕೊಟ್ಟ ಈ ಚಿತ್ರದ ಅವಧಿ ಸುಮಾರು 20 ನಿಮಿಷ. ಹಿನ್ನೆಲೆ ವಿವರಣೆಯೇ ಇಲ್ಲ. ತೆನೆ ತೂಗುವ ಹೊಲದ ಮೇಲೆ ಮೊರೆಯುವ ಸ್ಪಿಟ್‌ಫೈರ್ ಯುದ್ಧವಿಮಾನಗಳು, ಬ್ಲ್ಯಾಕ್‌ಪೂಲ್‌ನ ಡ್ಯಾನ್ಸ್ ಹಾಲು, ರೈಲಿನಲ್ಲಿ ಹಾಡುವ ಕೆನಡಾ ಸೈನಿಕರು: ಸದ್ದುಗಳೇ ಕಥೆ ಹೇಳುತ್ತವೆ.

ವಿದೇಶಿ ಪ್ರೇಕ್ಷಕರಿಗೆಂದು ಆಮೇಲೆ ಒಂದು ಪೀಠಿಕೆಯ ಭಾಷಣ ಅಂಟಿಸಿದರು. ಅದನ್ನು ಹಾರಿಸಿ ನೋಡಿದರೆ ನಷ್ಟವೇನಿಲ್ಲ.

ಸಂಕಲನದ ಕಸುಬು ತಿಳಿಯಬೇಕಾದರೆ ಕ್ಯಾಂಟೀನ್ ದೃಶ್ಯ ನೋಡಬೇಕು. ಕಾರ್ಖಾನೆಯವರು ಊಟ ಮಾಡುತ್ತಿದ್ದಾರೆ. ಜನಪ್ರಿಯ ಹಾಸ್ಯಜೋಡಿ ಫ್ಲಾನಗನ್ ಮತ್ತು ಆ್ಯಲನ್ ಹಾಡುತ್ತಿದ್ದಾರೆ. ಆ ಹಾಡು ಮುಗಿಯುವಲ್ಲೇ ಮೊಜಾರ್ಟ್ ಶುರುವಾಗಿಬಿಡುತ್ತಾನೆ, ನಡುವೆ ಉಸಿರಾಟಕ್ಕೂ ಎಡೆಯಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೈರಾ ಹೆಸ್ ಪಿಯಾನೊ ನುಡಿಸುತ್ತಿದ್ದಾರೆ. ಕಲಾಕೃತಿಗಳನ್ನು ಬಾಂಬಿಗೆ ಹೆದರಿ ವೇಲ್ಸ್‌ಗೆ ಸಾಗಿಸಿದ್ದಾರೆ, ಗೋಡೆಯಲ್ಲಿ ಬರಿಯ ಚೌಕಟ್ಟುಗಳು. ಕೇಳುಗರಲ್ಲಿ ಸ್ಯಾಂಡ್‌ವಿಚ್ ತಿನ್ನುವವರಿದ್ದಾರೆ, ರಾಣಿಯೂ ಇದ್ದಾಳೆ.

ವಿಮರ್ಶಕ ಎಡ್ಗರ್ ಆ್ಯನ್ಸ್ಟಿ ‘ದಿ ಸ್ಪೆಕ್ಟೇಟರ್’ನಲ್ಲಿ ಇದನ್ನು ಕೆಲಸಕ್ಕೆ ಬಾರದ ಸೊಗಸೆಂಬಂತೆ ಹೀಗಳೆದರು. ಕಾರ್ಖಾನೆಗಳಲ್ಲಿ ತೋರಿಸಿದಾಗ ದುಡಿಯುವ ಜನ ಮಾತ್ರ ಮನಸಾರೆ ಮೆಚ್ಚಿಕೊಂಡರು.