ಆತ್ಮಗಳ ಲೆಕ್ಕ, ತಲೆಗಳ ಲೆಕ್ಕ: ಸ್ವಿಫ್ಟನ ‘ವಿನಮ್ರ ಸಲಹೆ’ಯ ಭಾಷೆ

ಡಬ್ಲಿನ್ನಿನ ಸಂತ ಪ್ಯಾಟ್ರಿಕ್ ಮಹಾದೇವಾಲಯದ ಡೀನ್ ಆಗಿದ್ದ ಜೊನಾಥನ್ ಸ್ವಿಫ್ಟ್ 1729ರಲ್ಲಿ, ಹೆಸರು ಹಾಕದೆ, ‘ಎ ಮಾಡೆಸ್ಟ್ ಪ್ರೊಪೋಸಲ್’ ಎಂಬ ಕಿರುಹೊತ್ತಗೆಯನ್ನು ಪ್ರಕಟಿಸಿದನು. ಕನ್ನಡದಲ್ಲಿ ನಾವು ಅದನ್ನು ‘ವಿನಮ್ರ ಸಲಹೆ’ ಎನ್ನೋಣ. ಐರ್ಲೆಂಡಿನ ಬಡವರು ತಮ್ಮ ಶಿಶುಗಳನ್ನು ವರ್ಷ ತುಂಬಿದೊಡನೆ ಸಿರಿವಂತರ ಊಟಕ್ಕೆ ಮಾರಲಿ ಎಂಬುದು ಆ ಸಲಹೆ. ಇದು ಈಗ ಎಷ್ಟು ಪ್ರಸಿದ್ಧವೆಂದರೆ, ಗುಟ್ಟನ್ನು ಮೊದಲೇ ಅರಿತು ಪುಟ ತೆರೆಯುವವರೇ ಹೆಚ್ಚು. ಅಂಥ ಓದಿನಲ್ಲಿ ಒಂದು ನಷ್ಟವುಂಟು. ಸಲಹೆ ಬಾಯಿಗೆ ಬರುವ ಮೊದಲೇ ಪದಗಳು ತಮ್ಮ ಕೆಲಸವನ್ನು ಮುಗಿಸಿಬಿಟ್ಟಿರುತ್ತವೆ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಪ್ರಬಂಧ ಕನಿಕರದಿಂದ ಆರಂಭವಾಗುತ್ತದೆ. ಹರಕು ಬಟ್ಟೆಯ ಮಕ್ಕಳನ್ನು ಹಿಂದಿಟ್ಟುಕೊಂಡು ಬೀದಿಗಳಲ್ಲಿ ಭಿಕ್ಷೆ ಬೇಡುವ ತಾಯಂದಿರನ್ನು ಕಂಡು ಮರುಗುವ ದನಿ ಅದು. 1720ರ ದಶಕದ ಕೊನೆಯ ವರ್ಷಗಳಲ್ಲಿ ಬೆಳೆ ಕೈಕೊಟ್ಟ ಐರ್ಲೆಂಡಿನಲ್ಲಿ ಈ ನೋಟವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ, ಓದುಗನು ತಲೆಯಾಡಿಸುತ್ತಾನೆ. ಆದರೆ ನಾಲ್ಕನೆಯ ಪರಿಚ್ಛೇದಕ್ಕೆ ಬರುವಷ್ಟರಲ್ಲಿ ಮಗುವಿನ ಜನನಕ್ಕೂ ಅದರ ತಾಯಿಗೂ ದನಕುರಿಗಳಿಗೆ ಸಲ್ಲುವ ಪದಗಳು ಬಂದಿರುತ್ತವೆ. ಅನಂತರ ನಾಡಿನ ಜನಸಂಖ್ಯೆ 15 ಲಕ್ಷ ‘ಆತ್ಮಗಳು’ ಎನ್ನುತ್ತಾನೆ. ಇಲ್ಲಿ ‘ಆತ್ಮ’ವೆಂಬುದು ಸಭಾಪಾಲಕನು ತನ್ನ ಸಭೆಯ ಜನರನ್ನು ಎಣಿಸಲು ಬಳಸುತ್ತಿದ್ದ ಸಾಮಾನ್ಯ ಪದ. ಅದೇ ಓಟದಲ್ಲಿ, ಈ ಆತ್ಮಗಳ ನಡುವೆ ‘ತಳಿ ಹೆಚ್ಚಿಸುವ’ ಹೆಂಡತಿಯರುಳ್ಳ ದಂಪತಿಗಳು ಎಷ್ಟು ಎಂಬ ಪ್ರಶ್ನೆ ಬರುತ್ತದೆ. 2 ಲಕ್ಷ. ಮಕ್ಕಳನ್ನು ಸಾಕಬಲ್ಲ 30,000 ದಂಪತಿಗಳನ್ನು ಕಳೆದರೆ 1,70,000. ಗರ್ಭಪಾತಕ್ಕೂ ವರ್ಷದೊಳಗಿನ ಸಾವಿಗೂ 50,000 ಕಳೆದರೆ ಉಳಿಯುವ ಬಡಮಕ್ಕಳು 1,20,000. ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ. ಸತ್ತ ಮಕ್ಕಳು ಲೆಕ್ಕದ ಒಂದು ಸಾಲಾಗಿ ಹೋದುದನ್ನು ನಾವು ಗಮನಿಸುವುದರೊಳಗೆ ಮುಂದಿನ ಸಾಲು ಬಂದಿರುತ್ತದೆ.

ಈ ಭಾಗವನ್ನು ಕನ್ನಡಕ್ಕೆ ತರಲು ಯತ್ನಿಸಿದವರಿಗೆ ಸ್ವಿಫ್ಟನ ಸೂಕ್ಷ್ಮ ಬೇಗ ತಿಳಿಯುತ್ತದೆ. ನಮ್ಮಲ್ಲಿ ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ. ಒಂದಕ್ಕೆ ಕೂಸು, ಇನ್ನೊಂದಕ್ಕೆ ಕರು. ಹೆಂಗಸಿಗೆ ‘ಈಯು’ ಎಂದರೆ ಅದು ಬೈಗುಳವಾಗುತ್ತದೆ, ಆಗ ವ್ಯಂಗ್ಯ ಅಲ್ಲೇ ಸಾಯುತ್ತದೆ. ಸ್ವಿಫ್ಟನ ನಿರೂಪಕನು ಬೈಯುವುದಿಲ್ಲ. ಕೃಷಿ ವರದಿಯನ್ನು ಓದುವವನ ಸಮಾಧಾನದಲ್ಲಿ ಆ ಪದವನ್ನು ಆಡುತ್ತಾನೆ. ಎಣಿಕೆಯಲ್ಲಿಯೂ ನಮ್ಮ ಭಾಷೆ ಮನುಷ್ಯರನ್ನು ಬೇರೆಯಾಗಿಡುತ್ತದೆ: ಮೂರು ಕುರಿ, ಆದರೆ ಮೂವರು ಮಕ್ಕಳು. ಸಂಖ್ಯೆ ಲಕ್ಷಕ್ಕೇರಿದಾಗ ಆ ಭೇದ ತಾನಾಗಿ ಕಳಚಿಬೀಳುತ್ತದೆ. ‘ಈ ವರ್ಷ ಇಷ್ಟು ಆತ್ಮಗಳು’ ಎಂದು ವರದಿ ಬರೆಯುವ ಅಭ್ಯಾಸ ನಮ್ಮ ಸಭೆಗಳಲ್ಲಿಯೂ ಉಂಟಾದ್ದರಿಂದ, ಈ ಪರಿಚ್ಛೇದವನ್ನು ಪರರ ಕಥೆಯಂತೆ ಓದುವುದು ನಮಗೆ ಸುಲಭವಲ್ಲ.

ವಾದದ ಉಳಿದ ಉಪಾಯಗಳು ಆ ಕಾಲದ ಯೋಜನಾಪಂಡಿತರಿಂದಲೇ ಎರವಲು ತಂದವು. ರಾಜ್ಯದ ಸಂಪತ್ತನ್ನೂ ಜನರನ್ನೂ ಅಂಕಿಗಳಲ್ಲಿ ತೂಗುವ ‘ರಾಜಕೀಯ ಅಂಕಗಣಿತ’ವನ್ನು ವಿಲಿಯಂ ಪೆಟ್ಟಿ ಹಿಂದಿನ ಶತಮಾನದಲ್ಲಿ ಐರ್ಲೆಂಡಿನ ಮೇಲೆಯೇ ಪ್ರಯೋಗಿಸಿದ್ದನು. ನಿರೂಪಕನು ಪರಿಣತನೊಬ್ಬನ ಸಾಕ್ಷ್ಯ ತರುತ್ತಾನೆ (ಲಂಡನ್ನಿನಲ್ಲಿರುವ ಒಬ್ಬ ಅಮೆರಿಕನ್ ಪರಿಚಿತ!), ಖರ್ಚು 2 ಶಿಲಿಂಗ್, ಬೆಲೆ 10, ತಾಯಿಗೆ ಲಾಭ 8 ಎಂದು ತೋರಿಸುತ್ತಾನೆ, ಆರು ಪ್ರಯೋಜನಗಳನ್ನು ಪಟ್ಟಿಮಾಡುತ್ತಾನೆ. ತನ್ನ ಕಿರಿಯ ಮಗುವಿಗೆ ಒಂಬತ್ತು ವರ್ಷ, ಹೆಂಡತಿಗೆ ಹೆರುವ ವಯಸ್ಸು ಮೀರಿದೆ, ಆದುದರಿಂದ ತನಗೆ ಸ್ವಾರ್ಥವಿಲ್ಲ ಎಂದು ಮುಗಿಸುತ್ತಾನೆ. ಇವೆಲ್ಲಕ್ಕಿಂತ ಹರಿತವಾದುದು ಸತ್ತ ರೂಪಕಕ್ಕೆ ಜೀವ ಕೊಡುವ ಬಗೆ. ತಂದೆತಾಯಿಗಳನ್ನು ಆಗಲೇ ನುಂಗಿರುವ ಜಮೀನ್ದಾರರಿಗೆ ಮಕ್ಕಳ ಮೇಲೆಯೂ ಮೊದಲ ಹಕ್ಕು ಎಂಬ ಮಾತು ಬರುತ್ತದೆ. ಬಡ್ಡಿ ತಿನ್ನುವುದು, ಲಂಚ ತಿನ್ನುವುದು ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವ್ಯಂಗ್ಯಕ್ಕೆ ಸತ್ಯವೇದದಲ್ಲಿ ನೆಲೆ ಹುಡುಕುವವರು ಸಾಮಾನ್ಯವಾಗಿ ದಾವೀದನ ಮುಂದೆ ನಿಂತ ನಾತಾನನನ್ನು ಹೆಸರಿಸುತ್ತಾರೆ. ಹೋಲಿಕೆ ಸರಿ, ಆದರೆ ದಿಕ್ಕು ವಿರುದ್ಧ. ನಾತಾನನ ಕಥೆಯಲ್ಲಿ ಕುರಿಮರಿ ಬಡವನ ಮಗಳಂತೆ ಬೆಳೆಯುತ್ತದೆ; ಆದ್ದರಿಂದಲೇ ಅದನ್ನು ಕೊಂದು ಅಡಿಗೆ ಮಾಡಿದ ಐಶ್ವರ್ಯವಂತನ ಮೇಲೆ ಅರಸನು ಕೆರಳುತ್ತಾನೆ. ಸ್ವಿಫ್ಟನಲ್ಲಿ ಮಗಳೇ ಕುರಿಮರಿಯಾಗುತ್ತಾಳೆ, ಯಾರೂ ಕೆರಳುವುದಿಲ್ಲ. ಆ ಮನುಷ್ಯನು ನೀನೇ ಎಂದು ಬೆರಳು ತೋರಿಸುವ ಪ್ರವಾದಿಯೂ ಪುಟದಲ್ಲಿಲ್ಲ. ಇದಕ್ಕಿಂತ ಹತ್ತಿರವಾದುದು ಮೀಕನ ಮೂರನೆಯ ಅಧ್ಯಾಯ. ಅಲ್ಲಿ ನ್ಯಾಯವನ್ನು ಅರಿತಿರಬೇಕಾದ ನಾಯಕರೇ ಜನರ ಚರ್ಮ ಸುಲಿದು, ಮಾಂಸವನ್ನು ಹಂಡೆಗೆ ಕೊಚ್ಚಿ ಹಾಕುತ್ತಾರೆ. ಶಿಶುವಿನ ಚರ್ಮದಿಂದ ಹೆಂಗಸರಿಗೆ ಕೈಗವಸನ್ನು, ಗಂಡಸರಿಗೆ ಬೇಸಿಗೆಯ ಪಾದರಕ್ಷೆಯನ್ನು ಹೊಲಿಸಬಹುದೆಂಬ ಸ್ವಿಫ್ಟನ ಸಾಲು ಬಂದಾಗ ಈ ಅಧ್ಯಾಯ ನೆನಪಾಗದೆ ಇರದು. ಮೀಕನದು ಕೂಗು, ಸ್ವಿಫ್ಟನದು ದರಪಟ್ಟಿ.

ಬಹುಮಂದಿ ವಿಮರ್ಶಕರು ಪ್ರಬಂಧದ ನೈತಿಕ ಕೇಂದ್ರವನ್ನು ಕೊನೆಯ ಭಾಗದಲ್ಲಿ ಗುರುತಿಸುತ್ತಾರೆ. ನಮ್ಮ ಅಭಿಪ್ರಾಯವೂ ಅದೇ. ಬೇರೆ ಪರಿಹಾರಗಳ ಮಾತೆತ್ತಬೇಡಿರೆಂದು ಗದರಿ, ಆ ಪರಿಹಾರಗಳನ್ನೇ ಒಂದೊಂದಾಗಿ ಎಣಿಸುವ ಭಾಗವದು. ದೇಶ ಬಿಟ್ಟು ಕುಳಿತು ಗೇಣಿ ಉಣ್ಣುವವರ ಮೇಲೆ ಪೌಂಡಿಗೆ 5 ಶಿಲಿಂಗ್ ತೆರಿಗೆ, ಸ್ವದೇಶಿ ವಸ್ತುಗಳ ಬಳಕೆ, ಒಕ್ಕಲುಗಳ ಮೇಲೆ ಜಮೀನ್ದಾರರ ಕನಿಷ್ಠ ದಯೆ, ಅಂಗಡಿಕಾರರ ಪ್ರಾಮಾಣಿಕತೆ: ಇವೇ ಸ್ವಿಫ್ಟನ ನಿಜವಾದ ಬೇಡಿಕೆಗಳು. ಇಲ್ಲವೆನ್ನುತ್ತಲೇ ಹೇಳುವ ಈ ಅಲಂಕಾರ ಬೇರೆಡೆ ಬರಿಯ ಚಮತ್ಕಾರ. ಇಲ್ಲಿ ಅದರ ಹಿಂದೆ, ಹೇಳಿ ಹೇಳಿ ಸೋತವನ ದಣಿವಿದೆ. ಸ್ವದೇಶಿ ಬಟ್ಟೆಯನ್ನೇ ಉಡಿರೆಂದು ಅವನು 1720ರಲ್ಲಿಯೇ ಬರೆದಿದ್ದನು.

ಆದರೂ ಆ ಪಟ್ಟಿಯಲ್ಲಿ ಇಲ್ಲದುದರ ಕಡೆಗೆ ನಮ್ಮ ಓದುಗರ ಗಮನವನ್ನು ಸೆಳೆಯಬೇಕಾಗಿದೆ. ಜಮೀನ್ದಾರರಿದ್ದಾರೆ, ವ್ಯಾಪಾರಿಗಳಿದ್ದಾರೆ, ಹೆಂಗಸರ ಆಡಂಬರವಿದೆ, ಸಭೆಯಿಲ್ಲ. ಬಹುಸಂಖ್ಯಾತ ಕ್ಯಾಥೊಲಿಕ್ ರೈತರು ತಾವು ಕಾಲಿಡದ ಆಂಗ್ಲಿಕನ್ ಸಭೆಗೆ ದಶಮಾಂಶ ತೆರುತ್ತಿದ್ದ ನಾಡು ಅದು. ಆ ಸಭೆಯ ಡೀನನು ಪ್ರಬಂಧದಲ್ಲಿ ದಶಮಾಂಶದ ಹೆಸರೆತ್ತುವುದು, ಅದನ್ನು ತೆರಲೊಲ್ಲದೆ ದೇಶ ಬಿಡುವ ಇತರ ಪ್ರೊಟೆಸ್ಟೆಂಟರನ್ನು ಚುಚ್ಚುವುದಕ್ಕೆ. ಬಡತನದ ಕಾರಣಗಳ ಸಾಲಿನಲ್ಲಿ ಅದಕ್ಕೆ ಸ್ಥಳವಿಲ್ಲ. ಕ್ಯಾಥೊಲಿಕರ ಸಂಖ್ಯೆ ತಗ್ಗುವುದನ್ನೇ ಮೊದಲ ಪ್ರಯೋಜನವೆಂದು ಎಣಿಸುವಾಗ ನಿರೂಪಕನು ತನ್ನವರ ದ್ವೇಷವನ್ನು ಬಯಲಿಗೆಳೆಯುತ್ತಾನೆ, ನಿಜ. ಆ ದ್ವೇಷದ ಫಲವನ್ನು ಉಣ್ಣುವ ಮೇಜು ಮಾತ್ರ ಬಯಲಾಗುವುದಿಲ್ಲ.

ಐರ್ಲೆಂಡಿನ ದುರವಸ್ಥೆಯನ್ನು ಕುರಿತು ಸ್ವಿಫ್ಟನ ಒಂದು ಪ್ರಸಂಗವೂ ಉಳಿದಿದೆ. ಅದರಲ್ಲಿ ಜಮೀನ್ದಾರರ ಕ್ರೌರ್ಯದ ಜೊತೆಗೆ ಬಡವರ ಸೋಮಾರಿತನವೂ ಆರೋಪಿಯಾಗುತ್ತದೆ, ಭಿಕ್ಷುಕರಿಗೆ ಗುರುತಿನ ಬಿಲ್ಲೆ ತೊಡಿಸುವ ಮಾತೂ ಬರುತ್ತದೆ. 1737ರಲ್ಲಿ ಆ ಬಿಲ್ಲೆಗಳಿಗಾಗಿಯೇ ಅವನು ಒಂದು ಪ್ರತ್ಯೇಕ ಸಲಹೆಯನ್ನು ಅಚ್ಚುಹಾಕಿಸಿದನು. ಅದರಲ್ಲಿ ವ್ಯಂಗ್ಯದ ನಿರೂಪಕನಿಲ್ಲ. ಸೆಮಿನರಿಯ ತರಗತಿಗಳಲ್ಲಿ ‘ವಿನಮ್ರ ಸಲಹೆ’ಯನ್ನು ಪಾಠಕ್ಕೆ ಇಡುವವರು ಈ ಎರಡನ್ನೂ ಅದರ ಜೊತೆಯಲ್ಲಿಯೇ ಇಡಬೇಕೆಂಬುದು ನಮ್ಮ ಕೋರಿಕೆ.